ಕಪ್ಪು ಕಳೆದುಕೊಂಡ ಕಿರೀಟ

ಗಿರಿಜಾದೇವಿ ಸಿಂಕಿನ ಮುಂದೆ ನಿಂತು ಬೆಳ್ಳಿಯ ದೀಪ ಉಜ್ಜುತ್ತಿದ್ದರು. ಒದ್ದೆ ಬಟ್ಟೆಯ ತುದಿಗೆ ವಿಭೂತಿ ಹಚ್ಚಿಕೊಂಡು, ದೀಪದ ಬಾಯಿಯಿಂದ ಕಾಲಿನವರೆಗೆ ನಿಧಾನವಾಗಿ ತಿಕ್ಕಿದರು. ಕಪ್ಪೆಲ್ಲ ಬಟ್ಟೆಗೆ ಬಂತು, ಬೆಳ್ಳಿ ಬೆಳ್ಳಗಾಯಿತು. ಕಂಠದ ಸುತ್ತ ಕೆತ್ತಿದ್ದ ಬಳ್ಳಿಯ ಗೀರುಗಳಲ್ಲಿ ಮಾತ್ರ ಬಿಳಿ ಪುಡಿ ಕೂತುಬಿಟ್ಟಿತ್ತು. ಅದು ಯಾವಾಗಲೂ ಹಾಗೇ. ಎಷ್ಟು ತೊಳೆದರೂ ಗೀರಿನೊಳಗಿನದು ಹೋಗುವುದಿಲ್ಲ, ಕಡ್ಡಿಯಿಂದ ಕೆದಕಿ ತೆಗೆಯಬೇಕು.

ಮಗಳು ಸಿರಿ ಕೌಂಟರಿಗೆ ಒರಗಿ, ಕಾಫಿ ಲೋಟ ಹಿಡಿದು ನಿಂತಿದ್ದಳು. ಕುಡಿಯುತ್ತಿರಲಿಲ್ಲ. ತಾಯಿಯ ಕೈಯನ್ನೇ ನೋಡುತ್ತಿದ್ದವಳು, ತಾಯಿ ತಲೆ ಎತ್ತಿದೊಡನೆ ಕಿಟಕಿಯತ್ತ ತಿರುಗಿದಳು. ಕಿಟಕಿಯಾಚೆ ನೋಡುವಂಥದ್ದೇನೂ ಇರಲಿಲ್ಲ. ಪಕ್ಕದ ಮನೆಯ ಡ್ರೈವ್‌ವೇ, ಅದರ ತುಂಬ ಉದುರಿದ ಮೇಪಲ್ ಎಲೆಗಳು.

ನ್ಯೂಯಾರ್ಕಿನ ಹತ್ತಿರದ ವೆಸ್ಟ್ ವಿಂಡ್ಸರಿನ ಈ ಮನೆಯಲ್ಲಿ ನಿನ್ನೆಯಿಂದ ಮಾತು ನಿಂತಿತ್ತು. ನಿನ್ನೆ ಹೊಬೋಕನ್ನಿನ ಹಳೇ ನಾಟಕದ ಹಾಲಿನಲ್ಲಿ ಪೆಟ್ಟಿಗೆ ತೆರೆದಾಗ, ಹಿಂದಿನ ಕಾಲದ ಜರ್ಮನ್ ನಟಿ ಒಟಿಲಿ ಫೆರ್ಬರಳ ಕಪ್ಪು ಹಿಡಿದ ಬೆಳ್ಳಿ ಕಿರೀಟ ಇರಬೇಕಾದ ಜಾಗದಲ್ಲಿ ಫಳಫಳ ಹೊಳೆಯುವ ಕಿರೀಟವೊಂದು ಕೂತಿತ್ತು. ಅಲ್ಲಿಂದ ಎಲ್ಲರ ಕಣ್ಣೂ ಬೀಗದ ಕೈ ಇಟ್ಟುಕೊಂಡಿದ್ದ ರಿಝ್ವಾನನ ಮೇಲೆ.

ಸಿರಿ ತುಂಬಿದ ಲೋಟವನ್ನು ಹಾಗೇ ಇಟ್ಟು, ಬ್ಯಾಗು ಹೆಗಲಿಗೆ ಹಾಕಿಕೊಂಡು ರಿಹರ್ಸಲ್ಲಿಗೆಂದು ಟ್ರೇನು ಹಿಡಿಯಲು ಹೊರಟಳು. 'ಹೋಗಿ ಬರ್ತೀನವ್ವಾ' ಎನ್ನಲಿಲ್ಲ. ಬಾಗಿಲು ಮುಚ್ಚಿದ ಸದ್ದಾಯಿತು, ಅಷ್ಟೇ.

ದೀಪ ಒರೆಸಿಟ್ಟು, ವಿಭೂತಿ ಗಟ್ಟಿಯನ್ನು ಡಬ್ಬಿಗೆ ಹಾಕಲು ಹೋದ ಗಿರಿಜಾದೇವಿ ತಡೆದರು. ಧಾರವಾಡದಿಂದ ಬರುವಾಗ ತಂದ ಗಟ್ಟಿ. ಮೊನ್ನೆ ಮೊನ್ನೆ ಅದರ ಕಾಗದ ಬಿಚ್ಚಿದ್ದು. ಒಂದು ಮೂಲೆ ಆಗಲೇ ಪೂರ್ತಿ ಸವೆದುಹೋಗಿತ್ತು. ಹಣೆಗೆ ಹಚ್ಚಿಕೊಂಡರೆ ಇಷ್ಟು ಸವೆಯುವುದಿಲ್ಲ. ಒಂದು ದೀಪಕ್ಕೂ ಇಷ್ಟು ಬೇಡ.

ಯಾಕೋ ಸರಿ ಕಾಣಲಿಲ್ಲ. ಏನು ಸರಿ ಇಲ್ಲ ಎಂಬುದೂ ತಿಳಿಯಲಿಲ್ಲ. ಧಾರವಾಡದ ಠಾಣೆಯಲ್ಲಿ ಇನ್ಸ್‌ಪೆಕ್ಟರ್ ಆಗಿ ನಿವೃತ್ತರಾಗುವವರೆಗೂ ಅವರು ಇಂಥ 'ಯಾಕೋ'ಗಳನ್ನು ನಂಬಿಯೇ ಕೆಲಸ ಮಾಡಿದ್ದರು. ಇಲ್ಲಿಗೆ ಬಂದ ಮೇಲೆ ಆ 'ಯಾಕೋ' ಹೆಚ್ಚಾಗಿತ್ತು, ಉತ್ತರ ಕಡಿಮೆಯಾಗಿತ್ತು.

ಹೊರಗೆ ಹಾರ್ನ್ ಕೇಳಿಸಿತು.

* * *

"ಆಂಟಿ, ಸೀಟ್ ಬೆಲ್ಟ್."

"ಹಾಕ್ಕೊಂಡೀನಪಾ. ನಿನ್ನ ಮುಖ ಯಾಕ ಹಂಗ ಐತಿ? ನಿದ್ದಿ ಮಾಡಿಲ್ಲೇನು?"

ರಿಝ್ವಾನ್ ಕಾರನ್ನು ರೂಟ್ ಒನ್ ಹೆದ್ದಾರಿಗೆ ತಿರುಗಿಸಿದ. ಮೈಸೂರಿನ ಹುಡುಗ. ಸೋದರಮಾವ ಶೌಕತ್ ಅಲಿಯವರ ಕ್ಯಾಟರಿಂಗ್ ಕಂಪನಿಯಲ್ಲಿ ಕೆಲಸ. ಮಾವ ಹೊಬೋಕನ್ನಿನ ಹಳೇ ಜರ್ಮನ್ ನಾಟಕದ ಹಾಲನ್ನು ಕೊಂಡು ಮದುವೆ ಹಾಲ್ ಮಾಡಲು ಹೊರಟಾಗ, ಅದರ ರಿಪೇರಿಯ ಉಸ್ತುವಾರಿ ಇವನದೇ. ರಂಗದ ಹಲಗೆ ಎಬ್ಬಿಸಿದಾಗ ಕೆಳಗೆ ಒಟಿಲಿಯ ಪೆಟ್ಟಿಗೆ ಸಿಕ್ಕಿದ್ದೂ ಇವನ ಕೈಗೇ.

"ನೀವು ಬರ್ತಿರೋದು ನಂಗೆ ಹೆಲ್ಪ್ ಮಾಡೋಕಾ ಆಂಟಿ, ಅರೆಸ್ಟ್ ಮಾಡೋಕಾ?"

"ಇಲ್ಲಿ ನನಗ ಲಾಠಿನೂ ಇಲ್ಲ, ಲೈಸೆನ್ಸೂ ಇಲ್ಲ. ಆರೋಪಿನೇ ಇನ್ಸ್‌ಪೆಕ್ಟರನ್ನ ಕರಕೊಂಡು ಹೊಂಟಾನ. ನನ್ನ ಸರ್ವಿಸ್‌ನ್ಯಾಗ ಇಂಥಾದ್ದು ನೋಡಿದ್ದಿಲ್ಲ ತಗೋ."

ಅವನು ನಗಲು ನೋಡಿದ. ಆಗಲಿಲ್ಲ.

"ಕಿರೀಟ ತಗೊಂಡು ಹೋಗೋಕೆ ಬಂದಿರೋ ಆ ಮ್ಯೂಸಿಯಂ ಮೇಡಂ ಇವತ್ತು ಸಂಜೆವರೆಗೂ ಟೈಮ್ ಕೊಟ್ಟಿದಾರೆ. ಒರಿಜಿನಲ್ ಬರ್ಲಿಲ್ಲ ಅಂದ್ರೆ ಪೊಲೀಸ್ ಕಂಪ್ಲೇಂಟ್. ನನ್ ಗ್ರೀನ್ ಕಾರ್ಡ್ ಇನ್ನೂ ಪೆಂಡಿಂಗ್ ಆಂಟಿ. ಕೇಸ್ ಅಂತ ಆದ್ರೆ ಅಲ್ಲಿಗೆ ಮುಗೀತು. ಅಮ್ಮನ್ನ ಕರೆಸ್ಕೋಬೇಕು ಅಂತ ಬೇರೆ ಇದ್ದೆ."

"ಮಾವ ಏನಂತಾರ?"

"ಮಾವ ಮಾತೇ ಆಡ್ತಿಲ್ಲ. ನಿನ್ನೆ ಊಟಕ್ಕೆ ಕೂತಾಗ ನನ್ ತಟ್ಟೆ ಕಡೆ ಸಾರು ತಳ್ಳಿದ್ರು, ಅಷ್ಟೇ."

"ಬೀಗದ ಕೈ ನಿನ್ನ ಬಿಟ್ರ ಬ್ಯಾರೆ ಯಾರ ಕೈಗರ ಕೊಟ್ಟಿದ್ದೇನು?"

ಮುಂದಿನ ಟ್ರಕ್ಕಿನ ಕೆಂಪು ದೀಪ ಹತ್ತಿತು. ರಿಝ್ವಾನ್ ಬ್ರೇಕ್ ಹಾಕಿದ. ಟ್ರಕ್ಕು ಹೊರಟಿತು, ಇವರೂ ಹೊರಟರು. ಆಮೇಲೆ ಹೇಳಿದ.

"ಇಲ್ಲ ಆಂಟಿ."

ಗಿರಿಜಾದೇವಿ ಕಿಟಕಿಯಾಚೆ ನೋಡಿದರು. ಸುಳ್ಳು ಹೇಳುವವರು ಸಾಮಾನ್ಯವಾಗಿ ಬೇಗ ಹೇಳುತ್ತಾರೆ. ಇವನು ಯಾರಿಗೋ ಮಾತು ಕೊಟ್ಟವನ ಹಾಗೆ, ಕಷ್ಟಪಟ್ಟು ಹೇಳಿದ್ದ.

* * *

ಹಾಲಿನೊಳಗೆ ಹೊಸ ಬಣ್ಣದ ವಾಸನೆ ಒಂದು ಕಡೆ, ಹುರಿದ ಈರುಳ್ಳಿಯ ವಾಸನೆ ಇನ್ನೊಂದು ಕಡೆ. ಹಿಂದಿನ ಕಿಚನ್ನಿನಲ್ಲಿ ಶೌಕತ್ ಅಲಿಯವರ ಅಡುಗೆಯವರು ಟ್ರಯಲ್ ಅಡುಗೆ ಮಾಡುತ್ತಿದ್ದರು. ಹಾಲಿನ ಓಪನಿಂಗ್ ದಿನ ಎರಡು ಕಾರ್ಯಕ್ರಮ. ಒಟಿಲಿಯ ಕಿರೀಟವನ್ನು ನ್ಯೂಯಾರ್ಕಿನ ಮ್ಯೂಸಿಯಂ ಒಂದಕ್ಕೆ ಒಪ್ಪಿಸುವುದು, ಆಮೇಲೆ ಕನ್ನಡ ಸಂಘದವರು ಅವಳ ಬದುಕನ್ನು ನಾಟಕವಾಗಿ ಆಡುವುದು. ಒಟಿಲಿಯ ಪಾತ್ರ ಸಿರಿಯದು.

ಸಿರಿ ರಂಗದ ಮೇಲಿದ್ದಳು. ದೀಪ ಇಲ್ಲ, ವೇಷ ಇಲ್ಲ, ಜೀನ್ಸಿನ ಮೇಲೆ ಒಂದು ಕರಿ ಶಾಲು. ಆದರೂ ಬೆಳಿಗ್ಗೆ ಅಡುಗೆಮನೆಯಲ್ಲಿ ನಿಂತಿದ್ದವಳು ಇವಳಲ್ಲ ಅನ್ನಿಸಿತು ತಾಯಿಗೆ.

"ನಾನು ಹುಟ್ಟಿದ್ದು ರಂಗದ ಮೇಲಲ್ಲ, ರಂಗದ ಕೆಳಗೆ," ಸಿರಿಯ ಸ್ವರ ಖಾಲಿ ಕುರ್ಚಿಗಳನ್ನು ದಾಟಿ ಬಾಗಿಲವರೆಗೆ ಬಂತು. "ನನ್ನ ತಾಯಿ ನಟರಿಗೆ ಮರೆತ ಮಾತು ಎತ್ತಿಕೊಡುವವಳು. ರಂಗದ ತುದಿಯ ಆ ಗೂಡಿನಲ್ಲಿ ಅವಳ ಮಡಿಲಲ್ಲಿ ಕೂತು, ರಾಣಿಯರ ಮುಖಕ್ಕಿಂತ ಮೊದಲು ಅವರ ಪಾದಗಳನ್ನು ಕಂಡೆ. ಮಾತು ಬರುವ ಮೊದಲೇ ನನಗೆ ನಾಟಕಗಳು ಬರುತ್ತಿದ್ದವು..."

ಗಿರಿಜಾದೇವಿ ಹಿಂದಿನ ಸಾಲಿನಲ್ಲೇ ನಿಂತರು. ಒಂದು ಕಾಲದಲ್ಲಿ ಕಂಪನಿ ನಾಟಕಗಳ ಬಂದೋಬಸ್ತಿಗೆ ನಿಂತು ನಿಂತೇ ಅವರಿಗೆ ನಾಟಕ ಅಂದರೆ ಕಾಲುನೋವು. ಆದರೆ ಈ ಕಥೆ ಮಾತ್ರ ಅವರನ್ನು ಹಿಡಿದುಬಿಟ್ಟಿತ್ತು. ಸಣ್ಣ ಊರಿನ ಗೂಡಿನಿಂದ ಹೊರಟ ಹುಡುಗಿ ಒಬ್ಬ ದೊರೆಯ ರಂಗಮಂದಿರದ ದೊಡ್ಡ ನಟಿಯಾದಳು. ಗಿರಣಿಯವನ ಮಗಳ ಪಾತ್ರದಿಂದ ಶುರುಮಾಡಿ, ರಾಣಿಯರಾಗಿ, ಒಮ್ಮೆ ಗಂಡುವೇಷ ತೊಟ್ಟು ಯುವರಾಜನಾಗಿ ಜನರನ್ನು ಅಳಿಸಿದಳು. ಮ್ಯಾನೇಜರನೊಡನೆ ಜಗಳವಾಡಿ, ಕರಾರು ಮುರಿದು ನಡೆದಳು. ಕರಾರು ಮುರಿದವಳಿಗೆ ಆ ದೇಶದ ಯಾವ ರಂಗವೂ ಬಾಗಿಲು ತೆರೆಯಲಿಲ್ಲ. ತಂಗಿ ಕ್ಲಾರಾಳ ಕೈ ಹಿಡಿದು ಹಡಗು ಹತ್ತಿದಳು. ನ್ಯೂಯಾರ್ಕಿನಲ್ಲಿ ಬಡಗಿಗಳು, ಬ್ರೆಡ್ಡಿನವರು, ಸಾರಾಯಿ ಅಂಗಡಿಯವರು ತಮ್ಮ ಭಾಷೆ ಕೇಳಲೆಂದೇ ಅವಳ ನಾಟಕಕ್ಕೆ ಬರುತ್ತಿದ್ದರು. ಅಕ್ಕ ರಂಗದ ಮೇಲೆ, ತಂಗಿ ಕೆಳಗಿನ ಗೂಡಿನಲ್ಲಿ.

ಕೊನೆಯ ರಾತ್ರಿಯ ಆಟ ಇದೇ ಹಾಲಿನಲ್ಲಿ ನಡೆದಿತ್ತು. ಅಂಧ ರಾಣಿಯ ಪಾತ್ರ. ನಡುವೆ ಜನ ಎದ್ದು ನಿಂತು ಬೆಳ್ಳಿಯ ಕಿರೀಟ ತೊಡಿಸಿದರು. ಒಂದೊಂದು ಎಲೆಯ ಮೇಲೂ ಅವಳು ಮಾಡಿದ ಒಂದೊಂದು ಪಾತ್ರದ ಹೆಸರು. ಮುಂದಿನ ಅಂಕದಲ್ಲಿ ಒಟಿಲಿ ಮಾತು ಮರೆತಳು. ಗೂಡಿನತ್ತ ನೋಡಿದಳು. ಗೂಡಿನಿಂದ ಮಾತು ಬರಲಿಲ್ಲ. ಕ್ಲಾರಾ ಯಾಕೆ ಸುಮ್ಮನಿದ್ದಳೋ ಇವತ್ತಿಗೂ ಯಾರಿಗೂ ಗೊತ್ತಿಲ್ಲ. ಒಟಿಲಿ ಕಿರೀಟದ ಹಣೆಯ ಎಲೆಯನ್ನು, ಅಂಧ ರಾಣಿಯ ಹೆಸರಿದ್ದ ಎಲೆಯನ್ನು, ಮುರಿದು ಗೂಡಿನೊಳಗೆ ತಂಗಿಯ ಮೇಲೆ ಎಸೆದು ರಂಗದಿಂದ ಇಳಿದಳು. ಮತ್ತೆ ಹತ್ತಲಿಲ್ಲ.

"ಅಕ್ಕಾ, ಬಂದ್ರಾ! ಬನ್ನಿ, ಬನ್ನಿ," ಶೌಕತ್ ಅಲಿ ಕಿಚನ್ನಿನಿಂದ ಕೈ ಒರೆಸಿಕೊಳ್ಳುತ್ತ ಬಂದರು. ಬಿಳಿ ಗಡ್ಡ, ಕಣ್ಣ ಕೆಳಗೆ ಕಪ್ಪು. "ಟೀ ಕುಡೀತೀರಾ? ಏನೂ ಬೇಡ್ವಾ? ನಂಗೂ ಏನೂ ಇಳೀತಿಲ್ಲ ಬಿಡಿ."

"ಸಾಹೇಬ್ರ, ಮೊದಲ ಕಿರೀಟ ತೋರಸ್ರಿ."

* * *

ಕಿರೀಟ ರಂಗದ ಪಕ್ಕದ ಮೇಜಿನ ಮೇಲೆ ಬಿಳಿ ಬಟ್ಟೆಯಲ್ಲಿತ್ತು. ಹಿಂದೆ ಡಾಕ್ಟರ್ ಉಲ್ರಿಕೆ ಬ್ರಾಂಟ್ ನಿಂತಿದ್ದರು. ಮ್ಯೂಸಿಯಂನವರು ಕಳಿಸಿದ ತಜ್ಞೆ. ನೇರ ಬೆನ್ನು, ಬೂದು ಕೂದಲು, ಕೊರಳಲ್ಲಿ ಒಂದು ತೆಳ್ಳನೆ ಸರ. ಮಾತಿನ ನಡುವೆ ಅವರ ಬೆರಳು ಸರದ ತುದಿ ಹುಡುಕಿಕೊಂಡು ಎದೆಯ ಹತ್ತಿರ ಹೋಗುತ್ತಿತ್ತು, ಏನೂ ಸಿಗದೆ ಕಾಲರ್ ಸರಿಮಾಡಿ ಇಳಿಯುತ್ತಿತ್ತು.

ಇಂಗ್ಲಿಷನ್ನು ನಿಧಾನವಾಗಿ ಆಡಿದರೆ ಗಿರಿಜಾದೇವಿಗೆ ತಿಳಿಯುತ್ತಿತ್ತು. ತಿರುಗಿ ಆಡಲು ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೆ ಪ್ರಶ್ನೆ ಇವರದು, ಇಂಗ್ಲಿಷು ರಿಝ್ವಾನನದು.

"ಇದು ಅವಳದಲ್ಲ," ಎಂದರು ಉಲ್ರಿಕೆ. ಫೋನಿನಲ್ಲಿ ಒಂದು ಫೋಟೋ ತೆರೆದು ಮೇಜಿನ ಮೇಲಿಟ್ಟರು. ಪೆಟ್ಟಿಗೆ ಸಿಕ್ಕ ದಿನ ರಿಝ್ವಾನನೇ ತೆಗೆದು ಕಳಿಸಿದ ಫೋಟೋ. ಇದ್ದಿಲಿನಷ್ಟು ಕಪ್ಪು ಕಿರೀಟ, ಹಣೆಯ ಜಾಗದಲ್ಲಿ ಒಂದು ಎಲೆ ಮುರಿದ ಗುರುತು. "ಅದು ಕಪ್ಪು, ಇದು ಬಿಳಿ. ಅದರಲ್ಲಿ ಎಲೆ ಇಲ್ಲ, ಇದರಲ್ಲಿ ಎಲ್ಲ ಎಲೆಯೂ ಇದೆ. ಕಳ್ಳ ಪ್ರತಿ ಮಾಡಿಸಿದ. ಆದರೆ ಮುರಿದ ಎಲೆಯ ಕಥೆ ಅವನು ಮರೆತ."

ರಿಝ್ವಾನ್ ಇದನ್ನು ಕನ್ನಡದಲ್ಲಿ ಹೇಳಿ, ಕೊನೆಗೆ, "ಕಳ್ಳ ಅಂದಾಗ ನನ್ನೇ ನೋಡಿದ್ರು ಆಂಟಿ," ಎಂದು ಸೇರಿಸಿದ.

"ಒಂದ್ ಮಾತು ಹೇಳ್ಲಾ ಅಕ್ಕ?" ಶೌಕತ್ ಅಲಿ ಪಿಸುಗುಟ್ಟಿದರು. "ಮೊದ್ಲ ದಿನ ನಾನು ಈ ಎಲೆ ನೋಡಿ, ಇದು ನಮ್ ಬಿರಿಯಾನಿ ಎಲೆ ತರಾನೇ ಇದ್ಯಲ್ಲಾ ಅಂದೆ. ಈಯಮ್ಮ ಹೌದು ಅದೇ ಎಲೆ ಅಂದ್ರು. ಅವ್ರ ಕಡೆ ತಲೆ ಮೇಲೆ ಇಡ್ತಾರಂತೆ, ನಾವು ಹಂಡೆಗೆ ಹಾಕ್ತೀವಿ. ಅಷ್ಟು ಚೆನ್ನಾಗಿ ಮಾತಾಡಿದ್ರು ಅವತ್ತು. ಈಗ ನೋಡಿ, ನನ್ ತಂಗಿ ಮಗನ್ನ ಕಳ್ಳ ಅಂತಿದಾರೆ. ನಾನೂ ಬಾಯಿ ಮುಚ್ಕೊಂಡು ಕೇಳ್ತಿದೀನಿ. ಏನ್ ಹೇಳ್ಲಿ? ಕೀ ಇವನ ಹತ್ರಾನೇ ಇತ್ತಲ್ಲ!"

ಗಿರಿಜಾದೇವಿ ಕನ್ನಡಕ ಏರಿಸಿ ಬಗ್ಗಿದರು.

ಫೋಟೋದಲ್ಲಿ ಎಡಗಡೆಯ ಒಂದು ಎಲೆ ಮಡಚಿಕೊಂಡಿತ್ತು, ನಾಯಿಯ ಕಿವಿಯ ಹಾಗೆ. ಎದುರಿನ ಕಿರೀಟದಲ್ಲೂ ಅದೇ ಎಲೆ ಅದೇ ರೀತಿ ಮಡಚಿತ್ತು. ಫೋಟೋದಲ್ಲಿ ದಂಟಿನ ಮೇಲೆ ಒಂದು ತಗ್ಗು. ಇಲ್ಲೂ ತಗ್ಗು. ಪ್ರತಿ ಮಾಡಿಸುವವನು ಎಲೆ ಮಾಡಿಸುತ್ತಾನೆ, ತಗ್ಗನ್ನು ಯಾಕೆ ಮಾಡಿಸುತ್ತಾನೆ?

"ರಿಝ್ವಾನ್, ಅವರಿಗೆ ಹೇಳು. ಕಿರೀಟ ಬದಲಾಗಿಲ್ಲ. ಇದು ಅದೇ. ಯಾರೋ ಉಜ್ಜ್ಯಾರ."

"ಏನ್ ಮಾಡಿದಾರೆ?"

"ಉಜ್ಜ್ಯಾರಪಾ. ತಿಕ್ಕಿ ತೊಳದಾರ."

ರಿಝ್ವಾನ್ ಬೆಚ್ಚಿದ್ದನ್ನು ಅವರು ಗಮನಿಸಿದರು. ಅನುವಾದ ಕೇಳಿದ ಉಲ್ರಿಕೆ ಕೈ ಬೀಸಿದರು. ಇಂಥ ವಸ್ತುವಿನ ಕಪ್ಪೇ ಅದರ ವಯಸ್ಸಂತೆ. ಅದನ್ನು ತೆಗೆಯುವ ಮೂರ್ಖರು ಲೋಕದಲ್ಲಿ ಯಾರೂ ಇಲ್ಲವಂತೆ.

ಇದ್ದಾರೆ, ಅಂದುಕೊಂಡರು ಗಿರಿಜಾದೇವಿ. ನಮ್ಮಲ್ಲಿ ಮನೆಮನೆಗೂ ಇದ್ದಾರೆ. ಶುಭಕಾರ್ಯಕ್ಕೆ ಕಪ್ಪು ಬೆಳ್ಳಿ ಇಡುವ ಮನೆ ಯಾವುದು?

ಎಲೆಗಳ ನರಗಳಲ್ಲಿ, ಕೆತ್ತಿದ ಅಕ್ಷರಗಳ ಸಂದಿನಲ್ಲಿ, ಬಿಳಿ ಪುಡಿ ಕೂತಿತ್ತು. ಅವರು ಉಗುರಿನ ತುದಿಯಿಂದ ಕೆದಕಿ, ಎರಡು ಬೆರಳ ನಡುವೆ ಹೊಸಕಿದರು. ನುಣುಪು. ಅಂಗಡಿಯ ಪಾಲಿಶ್ ಅಲ್ಲ, ಅದಕ್ಕೆ ಕಟು ವಾಸನೆ ಇರುತ್ತದೆ. ಹಲ್ಲುಪುಡಿಯೂ ಅಲ್ಲ. ಮೂಗಿನ ಹತ್ತಿರ ಹಿಡಿದರು.

ಬೆಳಿಗ್ಗೆ ತಾವು ಒರೆಸಿಟ್ಟ ದೀಪ ಕಣ್ಣ ಮುಂದೆ ಬಂತು. ಸವೆದ ಗಟ್ಟಿ ಬಂತು. ಕಿಟಕಿಯತ್ತ ತಿರುಗಿದ ಮಗಳ ಮುಖ ಬಂತು.

ವಿಭೂತಿ.

ಈ ಹಾಲಿಗೆ ಬಂದುಹೋಗುವವರಲ್ಲಿ ವಿಭೂತಿ ಗಟ್ಟಿ ಇರುವ ಮನೆ ಒಂದೇ.

ಅವರ ಕೈ ತಾನಾಗಿ ಸೆರಗಿನ ಹಿಂದೆ ಹೋಯಿತು. ಬೆರಳು ಸೆರಗಿಗೆ ಒರೆಸಿಕೊಂಡಿತು. ಇಷ್ಟು ವರ್ಷದ ನೌಕರಿಯಲ್ಲಿ ಸಾಕ್ಷಿಯನ್ನು ಸೆರಗಿಗೆ ಒರೆಸಿಕೊಂಡದ್ದು ಇದೇ ಮೊದಲು.

"ಏನಾದ್ರೂ ಸಿಕ್ತಾ ಆಂಟಿ?" ರಿಝ್ವಾನ್ ಕೇಳಿದ. ಕಣ್ಣು ನೆಲದ ಮೇಲಿತ್ತು.

ಅವನಿಗೆ ಗೊತ್ತು. ಕಾರು ಹತ್ತಿದಾಗಿನಿಂದ ಗೊತ್ತಿದ್ದೇ ಡ್ರೈವ್ ಮಾಡಿಕೊಂಡು ಬಂದಿದ್ದಾನೆ.

ಗಿರಿಜಾದೇವಿ ಹಣೆಯ ಎಲೆಯತ್ತ ಬಗ್ಗಿದರು. ಇರಬಾರದ ಎಲೆ. ಅದನ್ನು ಬೆಸುಗೆ ಹಾಕಿರಲಿಲ್ಲ. ತುದಿಯಲ್ಲಿ ಒಂದು ಸಣ್ಣ ತೂತು, ಅದರಲ್ಲಿ ಕೂದಲಿನಷ್ಟು ತೆಳ್ಳನೆ ತಂತಿ ಪೋಣಿಸಿ ಮುರಿದ ತೊಟ್ಟಿಗೆ ಕಟ್ಟಿದ್ದರು. ಬೇರೆ ಎಲೆಗಳ ಅಕ್ಷರ ಚೂಪಾಗಿದ್ದರೆ ಇದರ ಅಕ್ಷರ ಅರ್ಧ ಅಳಿಸಿತ್ತು, ಯಾರೋ ಬಹಳ ಕಾಲ ಬೆರಳಲ್ಲಿ ಸವರುತ್ತಲೇ ಇದ್ದ ಹಾಗೆ. ಅಂಚುಗಳು ಸಾಬೂನಿನ ಹಾಗೆ ನುಣುಪು.

ಹೊಸ ಎಲೆಯಲ್ಲ. ಹಳೆಯದೇ. ಹಾಗಾದರೆ ಇದು ಒಟಿಲಿ ಎಸೆದ ಎಲೆಯೇ? ಇಷ್ಟು ಕಾಲ ಎಲ್ಲಿತ್ತು? ಕದ್ದವರು ತೆಗೆದುಕೊಂಡು ಹೋಗುತ್ತಾರೆ. ತಂದು ಸೇರಿಸಿ ಹೋಗುವ ಕಳ್ಳರುಂಟೆ?

ತಂತಿಯ ಗಂಟಿನ ಮೇಲೆ ಕಣ್ಣು ಬಿದ್ದಾಗ ಅವರು ನೆಟ್ಟಗಾಗಿ ರಂಗದತ್ತ ತಿರುಗಿದರು.

* * *

"ಸಿರಿ, ಬಾ ಇಲ್ಲೆ."

ರಂಗದ ಹಿಂದಿನ ಬಣ್ಣದ ಕೋಣೆಯಲ್ಲಿ ಕನ್ನಡಿಯ ಮುಂದೆ ಒಂದೇ ಕುರ್ಚಿ ಇತ್ತು. ಇಬ್ಬರೂ ಕೂರಲಿಲ್ಲ.

"ಬೆಳ್ಳಿ ಯಾವಾಗ ಉಜ್ಜಿದಿ?"

ಸಿರಿ ಶಾಲಿನ ಅಂಚು ಸುತ್ತತೊಡಗಿದಳು. "ಯಾವ ಬೆಳ್ಳಿ ಅವ್ವಾ?"

"ನಾ ನಿನ್ನ ಹಡದಾಕಿ. ಪೊಲೀಸ ಆಮ್ಯಾಲೆ."

ಮಗಳು ಕನ್ನಡಿಗೆ ಬೆನ್ನು ಹಾಕಿ ನಿಂತಳು.

"ಮೊನ್ನೆ ಮಧ್ಯಾಹ್ನ," ಎಂದಳು ಸಿರಿ. "ಒಂದ್ ಸಲ ತಲಿ ಮ್ಯಾಲೆ ಇಟ್ಟು ನೋಡ್ಬೇಕನಿಸ್ತು, ರಿಝ್ವಾನನ ಕಡೆ ಕೀ ಕೇಳ್ದೆ. ಅವ ಬ್ಯಾಡ ಅಂದ, ನಾನೇ ಗಂಟು ಬಿದ್ದೆ. ತಗದ್ ನೋಡಿದ್ರ ಕರ್ರಗ ಹಂಚಿನಂಗ ಐತಿ. ಅಂಥಾದ್ದನ್ನ ತಲಿ ಮ್ಯಾಲೆ ಇಟಗೊಂಡು ನಿಲ್ಲೂದಾ? ಆಕಿಗೆ ಮರ್ಯಾದಿ ಏನು ಅದರಾಗ? ಪರ್ಸಿನ್ಯಾಗ ನಿನ್ನ ವಿಭೂತಿ ಗಟ್ಟಿನೇ ಇತ್ತು, ಸಂಜಿಗೆ ತಿರುಗಿ ಡಬ್ಬ್ಯಾಗ ಇಟ್ಟೆ. ಇಷ್ಟಽ ಅವ್ವಾ. ಐ ಥಾಟ್ ದೇ ವುಡ್ ಬಿ ಹ್ಯಾಪಿ."

"ಹ್ಯಾಪಿ!"

"ಕಪ್ಪಽ ಅದರ ಬೆಲಿ ಅಂತ ನನಗೇನ್ ಗೊತ್ತು? ನಮ್ಮನ್ಯಾಗ ಕಪ್ಪು ಉಳದ್ರ ನೀ ಬೈತಿದ್ದಿ."

ಗಿರಿಜಾದೇವಿಗೆ ನಗು ಬರಬೇಕಿತ್ತು. ಬರಲಿಲ್ಲ. "ಮತ್ತ ನಿನ್ನೆ ಎಲ್ಲಾರ ಮುಂದ ಯಾಕ ಹೇಳ್ಲಿಲ್ಲ? ಆ ಹುಡುಗನ ಬದುಕು ಹೋಗೂ ಹೊತ್ತಿನ್ಯಾಗ?"

"ಏನಂತ ಹೇಳ್ಲಿ? ಮಧ್ಯಾಹ್ನ ಖಾಲಿ ಹಾಲಿನ್ಯಾಗ ನಾನೂ ಅವನೂ ಇಬ್ರಽ ಇದ್ವಿ ಅಂತ? ಸಂಘದ ಮಂದಿ ಬಾಯಿ ನಿನಗ ಗೊತ್ತಿಲ್ಲ ಅವ್ವಾ. ಸಂಜೀ ಹೊತ್ತಿಗೆ ವಾಟ್ಸಾಪಿನ್ಯಾಗ ನನ್ನ ಸಂಸಾರನೇ ಮುರದಿರ್ತಾರ. ನಿನ್ನ ಅಳಿಯ ಮಹೇಶಗ ನಾನೇ ಹೇಳ್ಬೇಕು ಅಂತಿದ್ದೆ. ಧೈರ್ಯ ಆಗ್ಲಿಲ್ಲ. ರಿಝ್ವಾನ್ ತಾನೇ ಅಂದ, ಅಕ್ಕಾ ನೀವು ಸುಮ್ನಿರಿ, ಒರಿಜಿನಲ್ ಅಂತ ಹೇಗೂ ಗೊತ್ತಾಗತ್ತೆ ಅಂತ."

"ಮತ್ತ ಎಲಿ?"

"ಯಾವ ಎಲಿ?"

"ಹಣಿ ಮ್ಯಾಲಿಂದು."

"ನನಗ ಗೊತ್ತಿಲ್ಲ." ಈ ಉತ್ತರ ಬೇಗ ಬಂತು. "ನಾ ಉಜ್ಜಿದಾಗ ಎಲಿ ಇರ್ಲಿಲ್ಲ. ಮುರದ ಜಾಗ ಹಂಗಽ ಇತ್ತು."

ಗಿರಿಜಾದೇವಿ ಮಗಳ ಕೈಗಳನ್ನು ನೋಡಿದರು. ಅದೇ ಬೆರಳುಗಳು. ಧಾರವಾಡದ ಮನೆಯ ಕಟ್ಟೆಯ ಮೇಲೆ ಪಕ್ಕಪಕ್ಕ ಕೂತು ಇವಕ್ಕೆ ತಾವೇ ಹೂ ಕಟ್ಟುವುದನ್ನು ಕಲಿಸಿದ್ದರು. ತಾವು ಎಡಗೈಯವರು. ಮಗಳು ಬಲಗೈಯವಳಾದರೂ ತಾಯಿಯ ಕೈ ನೋಡಿ ನೋಡಿ ಗಂಟನ್ನು ತಾಯಿಯ ಹಾಗೇ ಹಾಕುತ್ತಿದ್ದಳು. ಊರವರೆಲ್ಲ ದಾರವನ್ನು ಬಲಕ್ಕೆ ತಿರುವಿದರೆ, ಈ ಮನೆಯ ಇಬ್ಬರು ಎಡಕ್ಕೆ. "ಅವ್ವ ಮಗಳದು ಉಲ್ಟಾ ಮಾಲಿ," ಎಂದು ಓಣಿಯ ಹೆಂಗಸರು ನಗುತ್ತಿದ್ದರು.

ಹಣೆಯ ಎಲೆಯನ್ನು ಕಟ್ಟಿದ್ದ ತಂತಿ ಹೂವಿನ ಗಂಟಿನಲ್ಲಿತ್ತು. ಎಡಕ್ಕೆ ತಿರುವಿತ್ತು.

ಹೇಳಬಹುದಿತ್ತು. ಬಾಯಿಯವರೆಗೆ ಬಂದಿತ್ತು. ಅಷ್ಟರಲ್ಲಿ ಬಾಗಿಲು ತೆರೆಯಿತು.

* * *

ಮುಂದೆ ಡಾಕ್ಟರ್ ಉಲ್ರಿಕೆ, ಕೈಯಲ್ಲಿ ಫೋನು. ಹಿಂದೆ ಶೌಕತ್ ಅಲಿ, ಅವರ ಹಿಂದೆ ಗೋಡೆಗೆ ಅಂಟಿಕೊಂಡ ಹಾಗೆ ರಿಝ್ವಾನ್.

"ಸಂಜೆವರೆಗೂ ಕಾಯಲ್ಲ ಅಂತಿದಾರೆ ಅಕ್ಕ," ಎಂದರು ಶೌಕತ್ ಅಲಿ. "ಈಗ್ಲೇ ಪೊಲೀಸ್‌ಗೆ ಫೋನ್ ಮಾಡ್ತಾರಂತೆ. ಮೈಸೂರಲ್ಲಿರೋ ನನ್ ತಂಗಿಗೆ ನಾನೇನ್ ಹೇಳ್ಲಿ? ನಿನ್ ಮಗನ್ನ ನನ್ ಹಾಲಲ್ಲೇ ಹಿಡ್ಕೊಟ್ಟೆ ಅಂತ ಹೇಳ್ಲಾ?"

ಸಿರಿ ತಾಯಿಯನ್ನು ಒಮ್ಮೆ ನೋಡಿದಳು. ಆಮೇಲೆ ಶಾಲು ಬಿಚ್ಚಿ ಕುರ್ಚಿಯ ಮೇಲಿಟ್ಟು ಮುಂದೆ ಬಂದಳು. ಕಿರೀಟ ಉಜ್ಜಿದ್ದು ನಾನು, ರಿಝ್ವಾನನ ತಪ್ಪಿಲ್ಲ, ಎಂದು ಮೊದಲು ಇಂಗ್ಲಿಷಿನಲ್ಲಿ ಹೇಳಿದಳು, ಆಮೇಲೆ ಕನ್ನಡದಲ್ಲಿ.

"ಯಾ ಅಲ್ಲಾ," ಎಂದು ಶೌಕತ್ ಅಲಿ ಬಾಗಿಲ ಚೌಕಟ್ಟು ಹಿಡಿದುಕೊಂಡರು. ತಿರುಗಿ ರಿಝ್ವಾನನ ಭುಜದ ಮೇಲೆ ಒಂದು ಏಟು ಕೊಟ್ಟರು. "ಗೂಬೆ! ಬಾಯಲ್ಲಿ ಏನಿಟ್ಕೊಂಡಿದ್ದೆ ನಿನ್ನೆಯಿಂದ?" ಏಟು ಕೊಟ್ಟ ಕೈ ಭುಜದ ಮೇಲೇ ಉಳಿಯಿತು.

ಎಲ್ಲ ಮುಗಿಯಿತು ಅನ್ನಿಸಬೇಕಿತ್ತು. ಆದರೆ ಉಲ್ರಿಕೆ ಫೋನು ಕೆಳಗಿಡಲಿಲ್ಲ.

"ಉಜ್ಜಿದ್ದರೆ ಕಪ್ಪು ಹೋಗುತ್ತದೆ," ಎಂದರು ನಿಧಾನವಾಗಿ. ಗಿರಿಜಾದೇವಿಗೆ ಒಂದೊಂದು ಶಬ್ದವೂ ತಿಳಿಯಿತು. "ಮುರಿದ ಎಲೆ ಬೆಳೆಯುವುದಿಲ್ಲ. ಇದರಲ್ಲಿ ಎಲೆ ಇದೆ. ಆದ್ದರಿಂದ ಇದು ಅವಳದಲ್ಲ. ಹುಡುಗನನ್ನು ಉಳಿಸಲು ನೀವೆಲ್ಲ ಸೇರಿ ಕಥೆ ಕಟ್ಟುತ್ತಿದ್ದೀರಿ."

ಹೇಳುವಾಗ ಆಕೆ ಸಿರಿಯ ಕಡೆ ನೋಡಲಿಲ್ಲ. ಸಿರಿಯೂ ಆಕೆಯ ಕಡೆ ನೋಡಲಿಲ್ಲ. ಇಬ್ಬರೂ ಒಂದೇ ನೆಲದ ಹಲಗೆಯನ್ನು ನೋಡುತ್ತಿದ್ದರು.

ಗಿರಿಜಾದೇವಿ ಕ್ಷಣ ಹೊತ್ತು ಕಣ್ಣು ಮುಚ್ಚಿದರು. ಈಗ ಸುಮ್ಮನಿದ್ದರೆ ಮಗಳು ಉಳಿದಳು. ಉಜ್ಜಿದ್ದು ತಪ್ಪಾಯಿತು ಎಂದರೆ ಅದಕ್ಕೆ ಕ್ಷಮೆ ಇದೆ. ಇನ್ನೊಂದು ಮಾತು ಆಡಿದರೆ ಮಗಳು ಸುಳ್ಳಿ. ಆಡದಿದ್ದರೆ, ಮೈಸೂರಿನ ಒಬ್ಬ ತಾಯಿಯ ಮಗ ಕಳ್ಳ.

"ರಿಝ್ವಾನ್, ಹೇಳು ಅವರಿಗೆ," ಎಂದರು. ತಮ್ಮ ಸ್ವರ ತಮಗೇ ಠಾಣೆಯ ಸ್ವರದಂತೆ ಕೇಳಿಸಿತು. "ಎಲಿ ಕಟ್ಟಿದಾಕಿ ನನ್ನ ಮಗಳು. ಆ ಗಂಟು ನಮ್ಮ ಮನೀದು. ನಾ ಕಲಿಸಿದ್ದು. ಯಾರ ಮುಂದೂ ಹೇಳ್ತೀನಿ."

"ಅವ್ವಾ!"

ರಿಝ್ವಾನ್ ಬಾಯಿ ತೆರೆದವನು ಸಿರಿಯತ್ತ ನೋಡಿ ಮುಚ್ಚಿದ. ಮತ್ತೆ ತೆರೆದು, ತಡವರಿಸಿ, ಇಂಗ್ಲಿಷಿನಲ್ಲಿ ಹೇಳಿದ.

ಉಲ್ರಿಕೆಯ ಬೆರಳು ಎದೆಯ ಹತ್ತಿರ ಹೋಯಿತು. ಸರದ ತುದಿ ಹುಡುಕಿತು. ಏನೂ ಸಿಗಲಿಲ್ಲ.

ಆಗ ಗಿರಿಜಾದೇವಿಗೆ ನೆನಪಾಯಿತು. ಪೆಟ್ಟಿಗೆ ಸಿಕ್ಕ ಹೊಸದರಲ್ಲಿ ಶೌಕತ್ ಅಲಿಯವರ ಲ್ಯಾಪ್‌ಟಾಪಿನಲ್ಲಿ ಈಕೆಯೊಡನೆ ಎಲ್ಲರೂ ಮೊದಲ ಸಲ ವಿಡಿಯೋದಲ್ಲಿ ಮಾತಾಡಿದ್ದರು. ಅವತ್ತು ತಾವು ಮಾತು ತಿಳಿಯದೆ ಆಕೆಯ ಕೈಯನ್ನೇ ನೋಡುತ್ತ ಕೂತಿದ್ದರು. ಅವತ್ತೂ ಈ ಬೆರಳು ಹೀಗೇ ಕೊರಳಿಗೆ ಹೋಗುತ್ತಿತ್ತು. ಆದರೆ ಅವತ್ತು ಅದಕ್ಕೆ ಏನೋ ಸಿಗುತ್ತಿತ್ತು. ಬೆಳ್ಳಗಿನ, ಉದ್ದನೆಯ ಒಂದು ಚೂರು. ಆಕೆ ಅದನ್ನು ಹೆಬ್ಬೆರಳಿನಿಂದ ಸವರುತ್ತ, ಸವರುತ್ತ ಮಾತಾಡುತ್ತಿದ್ದರು.

ಎಲೆಯ ತುದಿಯ ತೂತು. ಸವೆದ ಅಕ್ಷರ. ಸಾಬೂನಿನಂಥ ಅಂಚು.

ಒಟಿಲಿ ಎಲೆಯನ್ನು ಎಸೆದದ್ದು ಗೂಡಿನೊಳಗೆ. ಗೂಡಿನಲ್ಲಿದ್ದವಳು ಕ್ಲಾರಾ. ಆ ಎಲೆ ಈಕೆಯ ಕೊರಳಿಗೆ ಬಂದಿತ್ತೆಂದರೆ ಈಕೆ ಕ್ಲಾರಾಳ ಮನೆಯವಳೇ ಇರಬೇಕು.

ಆದರೆ ಇದು ಹೇಗೆ? ತನ್ನ ಕೊರಳಿನ ಎಲೆಯನ್ನು ತಾನೇ ಕೊಟ್ಟು, ಅದೇ ಎಲೆ ತೋರಿಸಿ ಕಿರೀಟ ಸುಳ್ಳು ಅನ್ನುವವರು ಯಾರು? ಕೊಟ್ಟದ್ದಲ್ಲದೆ ಸಿರಿಯೇ ತೆಗೆದುಕೊಂಡಿದ್ದರೆ? ತೆಗೆದುಕೊಂಡವಳು ಎಲ್ಲರಿಗೂ ಕಾಣುವ ಹಾಗೆ ಹಣೆಗೇ ಯಾಕೆ ಕಟ್ಟಿದಳು? ಒಂದು ಎಳೆ ಹಿಡಿದು ಎಳೆದರೆ ಇನ್ನೊಂದು ಕಡೆ ಸಿಕ್ಕು ಬಿಗಿಯುತ್ತಿತ್ತು.

ಅವರು ಉಲ್ರಿಕೆಯ ಹತ್ತಿರ ಹೋದರು. ಮುಟ್ಟಲಿಲ್ಲ. ಆ ಖಾಲಿ ಸರವನ್ನು ಬೆರಳಿನಿಂದ ತೋರಿಸಿದರು, ಅಷ್ಟೇ.

"ಕ್ಲಾರಾ?" ಎಂದರು.

ಆ ಒಂದು ಹೆಸರಿಗೆ ಅನುವಾದ ಬೇಕಾಗಲಿಲ್ಲ. ಫೋನು ಹಿಡಿದ ಉಲ್ರಿಕೆಯ ಕೈ ತಾನಾಗಿ ಕೆಳಗೆ ಬಂತು. ಆಕೆ ಆಗ ನೋಡಿದ್ದು ಗಿರಿಜಾದೇವಿಯನ್ನಲ್ಲ, ರಿಝ್ವಾನನನ್ನೂ ಅಲ್ಲ. ಸಿರಿಯನ್ನು. ಮಾತು ಮರೆತ ನಟಿ ಗೂಡಿನತ್ತ ನೋಡುವ ಹಾಗೆ.

ಸಿರಿ ತುಟಿ ಬಿಗಿದಳು. ತಲೆಯನ್ನು ಅಡ್ಡ ಆಡಿಸಿದಳು, ಬಹಳ ಸಣ್ಣಗೆ, ಒಂದೇ ಸಲ.

ತಾಯಿ ಅದನ್ನು ಕಂಡರು. ಎಲೆಯ ಗುಟ್ಟು ಹೊರಬೀಳದಂತೆ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ.

"ಸಿರಿ," ಎಂದರು ಗಿರಿಜಾದೇವಿ. ಈಗ ಸ್ವರದಲ್ಲಿ ಠಾಣೆ ಇರಲಿಲ್ಲ. "ಇವರ ಕೊರಳಾಗಿನ ಎಲಿ ನಿನ್ನ ಕೈಗೆ ಹೆಂಗ ಬಂತು, ಹೇಳವ್ವಾ."

ಕಿಚನ್ನಿನಲ್ಲಿ ಯಾರೋ ಹಂಡೆಯ ಮುಚ್ಚಳ ತೆಗೆದು ಮತ್ತೆ ಮುಚ್ಚಿದರು.

"ನೀನರ ಹೇಳು. ಇಲ್ಲಾ ಅವರಿಗೆ ಕೇಳಿ ಹೇಳು."

ಮಗಳು ಕನ್ನಡದಲ್ಲೂ ಮಾತಾಡಲಿಲ್ಲ, ಇಂಗ್ಲಿಷಿನಲ್ಲೂ ಮಾತಾಡಲಿಲ್ಲ.